ಸಿಂಗರೇಣಿಯ ಕಲ್ಲಿದ್ದಲು: ಶೋಧದಿಂದ ಗಣಿಯವರೆಗೆ

ಹಿಂದಿನ ಹೈದರಾಬಾದ್ ಸಂಸ್ಥಾನದ ಆರ್ಥಿಕ ಇತಿಹಾಸವನ್ನು ತರಗತಿಯಲ್ಲಿ ಬೋಧಿಸುವಾಗ ನಾನು ಅನೇಕ ವರ್ಷಗಳ ಕಾಲ ಒಂದೇ ವಾಕ್ಯವನ್ನು ಹೇಳುತ್ತಿದ್ದೆ: “೧೮೭೧ರಲ್ಲಿ ಸಿಂಗರೇಣಿಯ ಬಳಿ ಕಲ್ಲಿದ್ದಲು ದೊರೆಯಿತು, ೧೮೮೯ರಲ್ಲಿ ಗಣಿಗಾರಿಕೆ ಆರಂಭವಾಯಿತು.” ಪಠ್ಯಪುಸ್ತಕಗಳಲ್ಲಿ ಇರುವುದೂ ಇಷ್ಟೆ. ಒಮ್ಮೆ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ದೊರೆತ ಮೇಲೆ ಹದಿನೆಂಟು ವರ್ಷ ಏಕೆ ಸುಮ್ಮನಿದ್ದರು?” ಎಂದು ಕೇಳಿದನು. ರೈಲು ಇರಲಿಲ್ಲ, ಬಂಡವಾಳ ಇರಲಿಲ್ಲ ಎಂದು ನಾನು ಉತ್ತರ ಕೊಟ್ಟೆನು. ಉತ್ತರವು ತಪ್ಪಲ್ಲ, ಆದರೆ ಅದು ಪೂರ್ಣವಲ್ಲವೆಂಬುದು ಅಂದೇ ನನಗೆ ತೋರಿತು. ‘ದೊರೆಯಿತು’ ಎಂಬ ಕ್ರಿಯಾಪದದ ಅರ್ಥವನ್ನೇ ನಾನು ವಿಚಾರಿಸಿ ನೋಡಿರಲಿಲ್ಲ. ಭೂವಿಜ್ಞಾನಿಯು ‘ಇಲ್ಲಿ ಕಲ್ಲಿದ್ದಲು ಇದೆ’ ಎನ್ನುವುದಕ್ಕೂ, ಗಣಿಯ ಎಂಜಿನಿಯರನು ‘ಇಲ್ಲಿ ಇಷ್ಟು ಕಲ್ಲಿದ್ದಲು ಇದೆ’ ಎನ್ನುವುದಕ್ಕೂ, ಕಂಪೆನಿಯ ಪ್ರವರ್ತಕನು ‘ಇಲ್ಲಿ ಸಂಪತ್ತು ಇದೆ’ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ. ಈ ಅಂತರವನ್ನು ಅರಿಯದೆ ಖನಿಜಸಂಪತ್ತಿನ ಇತಿಹಾಸವನ್ನು ಬರೆಯಲಾಗದು. ಆ ಅಂತರವನ್ನು ಸಿಂಗರೇಣಿಯ ಉದಾಹರಣೆಯ ಮೂಲಕ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ಭೂವಿಜ್ಞಾನಿಯಲ್ಲ. ಆದುದರಿಂದ ಇಲ್ಲಿ ವಿಜ್ಞಾನದ ಭಾಗವನ್ನು ಇತಿಹಾಸದ ವಿದ್ಯಾರ್ಥಿಗೆ ಬೇಕಾದಷ್ಟು ಮಟ್ಟಿಗೆ ಮಾತ್ರ ಹೇಳಿದೆ.

೧. ಕಲ್ಲಿದ್ದಲು ಎಲ್ಲಿ ಇರಬಲ್ಲದು?

ಕಲ್ಲಿದ್ದಲು ಸಸ್ಯಜನ್ಯವಾದ ಶಿಲೆ. ಜೌಗು ನೆಲದಲ್ಲಿ ಬೆಳೆದ ಗಿಡಮರಗಳು ಬಿದ್ದು, ನೀರಿನಡಿಯಲ್ಲಿ ಗಾಳಿಯ ಸಂಪರ್ಕವಿಲ್ಲದೆ ಅರೆಕೊಳೆತು, ಅದರ ಮೇಲೆ ಮರಳು ಮತ್ತು ಜೇಡಿಯ ಪದರಗಳು ಶೇಖರವಾಗಿ, ಆ ಭಾರಕ್ಕೂ ಭೂಮಿಯೊಳಗಿನ ಉಷ್ಣಕ್ಕೂ ಸಿಕ್ಕಿ ಕಾಲಾಂತರದಲ್ಲಿ ಕಲ್ಲಿದ್ದಲು ಆಗುತ್ತದೆ. ಈ ಮಾರ್ಪಾಟಿನ ಮೆಟ್ಟಿಲುಗಳು ನಾಲ್ಕು: ಪೀಟ್, ಲಿಗ್ನೈಟ್, ಬಿಟುಮಿನಸ್, ಆಂತ್ರಸೈಟ್. ಮೆಟ್ಟಿಲು ಏರಿದಂತೆ ನೀರಿನ ಅಂಶವೂ ಆವಿಯಾಗಿ ಹೋಗುವ ಅನಿಲಗಳ ಅಂಶವೂ ಕುಗ್ಗಿ ಇಂಗಾಲದ ಅಂಶ ಹೆಚ್ಚುತ್ತದೆ. ಮೂರನೆಯ ಮೆಟ್ಟಿಲಿನಲ್ಲಿರುವ ಬಿಟುಮಿನಸ್ ಕಲ್ಲಿದ್ದಲೇ ಜಗತ್ತಿನ ಉಗಿಯಂತ್ರಗಳನ್ನೂ ವಿದ್ಯುದಾಗಾರಗಳನ್ನೂ ಹೆಚ್ಚಾಗಿ ನಡೆಸಿದುದು.

ಈ ವಿವರಣೆಯಿಂದ ಎರಡು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದು, ನೆಲದ ಮೇಲೆ ಗಿಡಮರಗಳು ದಟ್ಟವಾಗಿ ಬೆಳೆಯುವುದಕ್ಕೆ ಮುಂಚೆ ಉಂಟಾದ ಶಿಲೆಗಳಲ್ಲಿ ಕಲ್ಲಿದ್ದಲು ಇರಲಾರದು. ಎರಡನೆಯದು, ಬೆಂಕಿಯಿಂದ ಹುಟ್ಟಿದ ಶಿಲೆಗಳಲ್ಲಿಯೂ ತೀವ್ರವಾದ ಶಾಖಕ್ಕೆ ಸಿಕ್ಕಿ ರೂಪಾಂತರ ಹೊಂದಿದ ಶಿಲೆಗಳಲ್ಲಿಯೂ ಅದನ್ನು ಅರಸುವುದು ವ್ಯರ್ಥ. ನಮ್ಮ ಕರ್ನಾಟಕದ ನೆಲದ ಬಹುಭಾಗವು ಇಂಥ ಶಿಲೆಗಳಿಂದಲೇ ಆದುದು. ರಾಬರ್ಟ್ ಬ್ರೂಸ್ ಫೂಟ್ ಅವರು ‘ಧಾರವಾಡ’ ಎಂಬ ಹೆಸರಿಟ್ಟು ಗುರುತಿಸಿದ ಶಿಲಾಸಮೂಹ ಮತ್ತು ಅದರ ಸುತ್ತಲ ನೈಸ್ ಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಆಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಉತ್ತರದ ಜಿಲ್ಲೆಗಳನ್ನು ಮುಚ್ಚಿರುವ ಕರಿಕಲ್ಲು ಜ್ವಾಲಾಶಿಲೆ. ಹೀಗಾಗಿ ಚಿನ್ನ, ಕಬ್ಬಿಣ, ಮ್ಯಾಂಗನೀಸುಗಳಲ್ಲಿ ಸಮೃದ್ಧವಾದ ನಾಡು ಕಲ್ಲಿದ್ದಲಿನಲ್ಲಿ ಬಡವಾಯಿತು. ಹಳ್ಳಿಗಾಡಿನಲ್ಲಿ ಆಗಾಗ ಕಪ್ಪು ಕಲ್ಲೊಂದನ್ನು ತಂದು ‘ಇದು ಇದ್ದಲೇ?’ ಎಂದು ತೋರಿಸುವವರುಂಟು. ಅದು ಬಹುಮಟ್ಟಿಗೆ ಇಂಗಾಲದ ಲೇಪವುಳ್ಳ ಹಳೆಯ ಪದರುಗಲ್ಲು. ಅದು ಕಪ್ಪಾಗಿರುತ್ತದೆ, ಕೈಗೆ ಮಸಿಯೂ ಹತ್ತಬಹುದು. ಆದರೆ ಒಲೆಯಲ್ಲಿ ಉರಿಯದು.

ಕನ್ನಡ ನಾಡಿನ ಪೂರ್ವೋತ್ತರಕ್ಕೆ, ಗೋದಾವರಿ ಮತ್ತು ಪ್ರಾಣಹಿತಾ ನದಿಗಳ ಕಣಿವೆಯಲ್ಲಿ, ಪರಿಸ್ಥಿತಿ ಬೇರೆ. ಅಲ್ಲಿ ಭೂಮಿಯ ಹೊರಪದರವು ಬಹು ಹಿಂದೆ ವಾಯವ್ಯದಿಂದ ಆಗ್ನೇಯಕ್ಕೆ ಉದ್ದವಾಗಿ ಬಿರುಕುಬಿಟ್ಟು, ಎರಡು ಬಿರುಕುಗಳ ನಡುವಿನ ಪಟ್ಟಿಯು ಕುಸಿದು, ಒಂದು ಉದ್ದನೆಯ ತೊಟ್ಟಿಯಂತೆ ಆಯಿತು. ಈ ತೊಟ್ಟಿಯಲ್ಲಿ ತುಂಬಿದ ಪದರಗಳೇ ಗೊಂಡ್ವಾನ ಶಿಲಾಸಮೂಹಕ್ಕೆ ಸೇರಿದವು. ಗೊಂಡರ ನಾಡಿನಿಂದ ಬಂದ ಈ ಹೆಸರನ್ನು ಮೆಡ್ಲಿಕಾಟ್ ಅವರು ೧೮೭೨ರಲ್ಲಿ ಸೂಚಿಸಿದರು; ಫೈಸ್ಟ್‌ಮಾಂಟಲ್ ಅವರು ೧೮೭೬ರಲ್ಲಿ ಅದನ್ನು ಮುದ್ರಣಕ್ಕೆ ತಂದರು. ಅನಂತರ ಅದು ದಕ್ಷಿಣ ಗೋಲಾರ್ಧದ ಪ್ರಾಚೀನ ಭೂಖಂಡಕ್ಕೇ ಹೆಸರಾಗಿ ಜಗತ್ತಿನ ವಿಜ್ಞಾನದಲ್ಲಿ ನೆಲೆನಿಂತಿತು.

೨. ಪದರಗಳ ಕ್ರಮ

ಗೋದಾವರಿ ಕಣಿವೆಯ ಗೊಂಡ್ವಾನ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಒಂದು ಹವಾಮಾನದ ಚರಿತ್ರೆಯೇ ದೊರೆಯುತ್ತದೆ. ಎಲ್ಲಕ್ಕೂ ಕೆಳಗಿರುವುದು ತಾಲ್ಚೀರ್ ಪದರ. ಇದರಲ್ಲಿ ನುಣುಪಾದ ಹಸುರು ಜೇಡಿಯ ನಡುವೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹುದುಗಿವೆ. ಇಷ್ಟು ನುಣುಪಾದ ಕೆಸರನ್ನು ತಂದ ನೀರು ಇಷ್ಟು ದೊಡ್ಡ ಕಲ್ಲನ್ನು ಉರುಳಿಸಿ ತರಲಾರದು. ಹಿಮವೇ ಅದನ್ನು ಹೊತ್ತು ತಂದಿರಬೇಕೆಂದು ಊಹಿಸಲಾಯಿತು. ೧೮೭೫ರಲ್ಲಿ ಫೆಡನ್ ಅವರು ಚಾಂದಾ ಜಿಲ್ಲೆಯ ಈರೈ ಎಂಬಲ್ಲಿ, ಈ ಪದರದ ಕೆಳಗಿನ ಸುಣ್ಣಕಲ್ಲಿನ ಮೇಲೆ ಹಿಮನದಿಯು ಉಜ್ಜಿ ಗೀರಿದ ಗುರುತುಗಳನ್ನು ಕಂಡರು. ಇಂದು ಬೇಸಗೆಯಲ್ಲಿ ಕಾದ ಹಂಚಿನಂತಾಗುವ ಆ ನೆಲವು ಒಮ್ಮೆ ಹಿಮದಡಿಯಲ್ಲಿತ್ತು.

ಹಿಮವು ಕರಗಿದ ಮೇಲೆ ನದಿಗಳು ಹರಿದವು. ಅವುಗಳ ಬಯಲಿನಲ್ಲಿ ಜೌಗು ಕಾಡುಗಳು ಬೆಳೆದವು. ನಾಲಗೆಯಾಕಾರದ ಎಲೆಯುಳ್ಳ ಗ್ಲಾಸಾಪ್ಟೆರಿಸ್ ಎಂಬ ಸಸ್ಯ ಆ ಕಾಡುಗಳ ಪ್ರಧಾನ ವೃಕ್ಷ. ಈ ಕಾಲದ ಪದರವೇ ಬರಾಕರ್. ಬಂಗಾಳದ ಗಡಿಯ ಬರಾಕರ್ ನದಿಯಿಂದ ಬಂದ ಹೆಸರು. ಇದರ ವಯಸ್ಸು ಸುಮಾರು ೨೮ ಕೋಟಿ ವರ್ಷ. ಬಿಳುಪಾದ ಮರಳುಗಲ್ಲು, ಬೂದು ಪದರುಗಲ್ಲು, ಕಲ್ಲಿದ್ದಲು ಇವು ಒಂದರ ಮೇಲೊಂದು ಮತ್ತೆ ಮತ್ತೆ ಬರುವುದು ಬರಾಕರದ ಲಕ್ಷಣ. ಗೋದಾವರಿ ಕಣಿವೆಯ ಮುಖ್ಯವಾದ ಕಲ್ಲಿದ್ದಲು ಸ್ತರಗಳೆಲ್ಲ ಇದರಲ್ಲಿಯೇ ಇವೆ. ಇದರ ಮೇಲೆ, ನಾಗಪುರದ ಬಳಿಯ ಊರಿನ ಹೆಸರನ್ನು ಹೊತ್ತ ಕಾಂಪ್ಟಿ ಮರಳುಗಲ್ಲು ದಪ್ಪವಾಗಿ ಹಾಸಿಕೊಂಡಿದೆ. ಅದಕ್ಕೂ ಮೇಲೆ ಮಲೇರಿ, ಕೋಟಾ ಮುಂತಾದ ಇನ್ನೂ ಹೊಸ ಪದರಗಳು.

ಶೋಧಕನಿಗೆ ಈ ಕ್ರಮದ ಜ್ಞಾನವೇ ದಿಕ್ಸೂಚಿ. ತಾಲ್ಚೀರ್ ಪದರ ಕಂಡರೆ, ‘ಇನ್ನು ಕೆಳಗೆ ಹುಡುಕಬೇಡ, ಮೇಲಕ್ಕೆ ನೋಡು’ ಎಂದರ್ಥ. ಕಾಂಪ್ಟಿ ಕಂಡರೆ, ‘ಕೆಳಗೆ ಇರಬಹುದು’ ಎಂದರ್ಥ. ‘ಇರಬಹುದು’ ಎಂಬ ಮಾತನ್ನು ಒತ್ತಿ ಹೇಳಬೇಕು. ಏಕೆಂದರೆ ಕೆಲವೆಡೆ ಕಾಂಪ್ಟಿಯು ಬರಾಕರವನ್ನು ದಾಟಿ ನೇರವಾಗಿ ಪ್ರಾಚೀನ ಶಿಲೆಗಳ ಮೇಲೆಯೇ ಕುಳಿತಿರುತ್ತದೆ. ಅಂಥಲ್ಲಿ ಎಷ್ಟು ಆಳಕ್ಕೆ ಕೊರೆದರೂ ಫಲವಿಲ್ಲ.

ಇದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ೧೮೪೧ರಲ್ಲಿಯೇ ಡಾಕ್ಟರ್ ವಾಕರ್ ಎಂಬವರು ನಿಜಾಮರ ರಾಜ್ಯದ ಕೋಟಾ ಎಂಬಲ್ಲಿ ಕಂಡ ಕಲ್ಲಿದ್ದಲನ್ನು ಕುರಿತು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಸನ್ ತಾರೀಖುಗಳ ಪಟ್ಟಿಯನ್ನಷ್ಟೇ ನೋಡುವವನು ‘ಹೈದರಾಬಾದಿನ ಕಲ್ಲಿದ್ದಲು ಶೋಧವಾದುದು ೧೮೪೧ರಲ್ಲಿ’ ಎಂದು ಬರೆದರೂ ಬರೆದಾನು. ಆದರೆ ಕೋಟಾ ಪದರವು ಬರಾಕರಕ್ಕಿಂತ ಬಹಳ ಈಚಿನದು, ಜುರಾಸಿಕ್ ಯುಗದ್ದು. ಅದು ಪ್ರಸಿದ್ಧವಾದುದು ಮೀನುಗಳ ಮತ್ತು ದೈತ್ಯ ಸರೀಸೃಪಗಳ ಅವಶೇಷಗಳಿಂದ, ಕಲ್ಲಿದ್ದಲಿನಿಂದಲ್ಲ. ಕಲ್ಲಿದ್ದಲಿನ ತುಣುಕು ಕಾಣುವುದು ಬೇರೆ, ಕಲ್ಲಿದ್ದಲಿನ ಕ್ಷೇತ್ರ ಕಾಣುವುದು ಬೇರೆ.

೩. ವಿಲಿಯಂ ಕಿಂಗ್ ಅವರ ಶೋಧ

ಸಿಂಗರೇಣಿಯ ಶೋಧಕರಾದ ಡಾ. ವಿಲಿಯಂ ಕಿಂಗ್ ಅವರು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಅಧಿಕಾರಿಗಳು. ಇತಿಹಾಸದ ವಿದ್ಯಾರ್ಥಿಗಳಿಗೆ ಇವರ ಪರಿಚಯ ಬೇರೊಂದು ದಾರಿಯಿಂದ ಆಗಿರಬೇಕು: ೧೮೬೩ರಲ್ಲಿ ಮದರಾಸಿನ ಸಮೀಪದ ಅತ್ತಿರಂಪಾಕ್ಕಂನಲ್ಲಿ ಹಳೆಯ ಶಿಲಾಯುಗದ ಉಪಕರಣಗಳನ್ನು ಕಂಡಾಗ ಬ್ರೂಸ್ ಫೂಟ್ ಅವರ ಜೊತೆಯಲ್ಲಿದ್ದವರು ಇವರೇ. ಕಡಪ ಕರ್ನೂಲು ಪ್ರದೇಶದ ಶಿಲೆಗಳನ್ನು ಕುರಿತು ಗ್ರಂಥ ರಚಿಸಿದವರೂ ಇವರೇ. ೧೮೮೭ರಿಂದ ೧೮೯೪ರವರೆಗೆ ಸಮೀಕ್ಷೆಯ ನಿರ್ದೇಶಕರಾಗಿದ್ದರು.

೧೮೭೧ರಲ್ಲಿ ಕಿಂಗ್ ಅವರು ಹೈದರಾಬಾದ್ ರಾಜ್ಯದ ಆಗ್ನೇಯ ಭಾಗದಲ್ಲಿ, ಈಗಿನ ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಗೆ ಸೇರಿದ ಯೆಲ್ಲಂದು ಎಂಬ ಹಳ್ಳಿಯ ಬಳಿ ಕಲ್ಲಿದ್ದಲನ್ನು ಗುರುತಿಸಿದರು. ೧೮೭೨ರಲ್ಲಿ ಸಮೀಕ್ಷೆಯ ಪತ್ರಿಕೆಯಲ್ಲಿ ಈ ಹೊಸ ಕ್ಷೇತ್ರವನ್ನು ಕುರಿತು ಕಿರು ಟಿಪ್ಪಣಿಯೊಂದನ್ನು ಪ್ರಕಟಿಸಿದರು. ಇಡೀ ಕಣಿವೆಯನ್ನು ಕುರಿತ ಅವರ ವಿಸ್ತಾರವಾದ ಗ್ರಂಥ ಹೊರಬಂದುದು ೧೮೮೧ರಲ್ಲಿ. ಸಮೀಪದ ಸಿಂಗರೇಣಿ ಗ್ರಾಮದ ಹೆಸರೇ ಕ್ಷೇತ್ರಕ್ಕೂ ಬಂದಿತು. ಮುಂದೆ ಕಂಪೆನಿಗೂ ಅದೇ ಹೆಸರಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯೆಲ್ಲಂದು ಕ್ಷೇತ್ರವು ಗೋದಾವರಿಯ ದೊಡ್ಡ ತೊಟ್ಟಿಯ ನಡುವೆ ಇರುವುದಲ್ಲ. ಅದು ತೊಟ್ಟಿಯ ಅಂಚಿನಿಂದ ಹೊರಗೆ, ಸುತ್ತಲೂ ಪ್ರಾಚೀನ ಶಿಲೆಗಳಿಂದ ಆವೃತವಾದ, ದ್ವೀಪದಂಥ ಒಂದು ಚಿಕ್ಕ ತುಂಡು. ಒಂದು ಕಾಲದಲ್ಲಿ ಎಲ್ಲೆಡೆ ಹರಡಿದ್ದ ಪದರಗಳು ಸವೆದು ಹೋದಾಗ ತಗ್ಗಿನಲ್ಲಿ ಉಳಿದ ಶೇಷ. ದೊಡ್ಡ ಕಣಿವೆಯಲ್ಲಿ ಕಾಂಪ್ಟಿಯ ಮುಚ್ಚಳದಡಿಯಲ್ಲಿ ಅಡಗಿದ್ದ ಬರಾಕರವು ಈ ಚಿಕ್ಕ ತುಂಡಿನಲ್ಲಿ ಮೇಲ್ಮೈಗೆ ಸಮೀಪವಾಗಿತ್ತು. ಮೊದಲ ಗಣಿ ಇಲ್ಲಿಯೇ ಆದುದಕ್ಕೆ ಇದು ಕಾರಣ. ಈ ಕ್ಷೇತ್ರವು ಬಹುಕಾಲ ಬಾಳದೆ ಗಣಿಗಾರಿಕೆಯು ಅನಂತರ ಬೇರೆಡೆಗೆ ಹೋಗಬೇಕಾದುದಕ್ಕೂ ಇದೇ ಕಾರಣ.

ಶೋಧವನ್ನು ಕುರಿತು ಆ ಪ್ರಾಂತದಲ್ಲಿ ಒಂದು ಐತಿಹ್ಯವೂ ಪ್ರಚಾರದಲ್ಲಿದೆ. ಭದ್ರಾಚಲದ ಶ್ರೀರಾಮನ ದರ್ಶನಕ್ಕೆ ಹೊರಟ ಯಾತ್ರಿಕರು ದಾರಿಯಲ್ಲಿ ಬಿಡಾರ ಮಾಡಿ, ಮೂರು ಕಪ್ಪು ಕಲ್ಲುಗಳನ್ನು ಒಲೆಗುಂಡಾಗಿ ಇಟ್ಟು ಅಡಿಗೆಗೆ ಬೆಂಕಿ ಹೊತ್ತಿಸಲು, ಸೌದೆಯ ಜೊತೆಗೆ ಒಲೆಗುಂಡುಗಳೂ ಉರಿದವಂತೆ. ವಿದ್ವಾಂಸರು ಇಂಥ ಕಥೆಗಳನ್ನು ತಳ್ಳಿಹಾಕುವುದು ವಾಡಿಕೆ. ಆದರೆ ಕಥೆಯಲ್ಲಿ ಅಸಂಭವವಾದುದು ಏನೂ ಇಲ್ಲ. ಕಲ್ಲಿದ್ದಲಿನ ಸ್ತರವು ಮೇಲ್ಮೈಗೆ ಬಂದ ಕಡೆಗಳಲ್ಲಿ, ಹಳ್ಳದ ದಂಡೆಯಲ್ಲಿ, ಅದರ ತುಂಡುಗಳು ಚೆದರಿರುವುದು ಸಹಜ. ಭೂವಿಜ್ಞಾನಿಯು ಹೊಸ ನಾಡಿಗೆ ಬಂದೊಡನೆ ಮೊದಲು ನೋಡುವುದೂ ಹಳ್ಳದ ದಂಡೆಯನ್ನೇ. ಮೊದಲು ಕೇಳುವುದೂ ಆ ಊರವರನ್ನೇ. ಅದು ಕೊಯ ಜನರು ಬಾಳುತ್ತಿದ್ದ ಕಾಡು. ಕಥೆಯು ನಡೆದುದೋ ಇಲ್ಲವೋ ಎಂಬುದಕ್ಕಿಂತ, ಊರವರ ತಿಳಿವಳಿಕೆಯು ವರದಿಗಳಲ್ಲಿ ಹೆಸರಿಲ್ಲದೆ ಕರಗಿಹೋಗುತ್ತದೆಂಬ ಸತ್ಯವನ್ನು ಅದು ನೆನಪಿಸುತ್ತದೆ ಎಂಬುದೇ ಮುಖ್ಯ. ಕಪ್ಪು ಕಲ್ಲನ್ನು ಕಂಡವರು ಹಲವರಿರಬಹುದು; ಅದು ಯಾವ ಪದರಕ್ಕೆ ಸೇರಿದುದು, ಆ ಪದರ ಮುಂದೆ ಎತ್ತ ಹೋಗುತ್ತದೆ ಎಂದು ಬರೆದವರು ಕಿಂಗ್. ಅವರ ಶೋಧ ಎನ್ನುವಾಗ ನಾವು ಹೇಳುವುದು ಈ ಎರಡನೆಯ ಕೆಲಸವನ್ನು.

೪. ಕಂಡುದನ್ನು ಅಳೆಯುವ ಬಗೆ

ಮೇಲ್ಮೈಯಲ್ಲಿ ಕಂಡ ಸ್ತರದಿಂದ ಗಣಿಯವರೆಗೆ ಹೋಗುವ ದಾರಿ ಹೇಗೆ? ಇದು ಅರ್ಥವಾದರೆ ಹದಿನೆಂಟು ವರ್ಷಗಳ ಅಂತರವು ಅಷ್ಟು ವಿಚಿತ್ರವೆನಿಸದು.

ಸ್ತರವು ಹಾಸುಗಲ್ಲಿನಂತೆ ಸಮತಲವಾಗಿ ಇರುವುದು ಅಪರೂಪ. ಒಂದು ಕಡೆಗೆ ವಾಲಿರುತ್ತದೆ. ಮೇಲ್ಮೈಯಲ್ಲಿ ಅದರ ಅಂಚು ಕಾಣುವ ಜಾಗವನ್ನು ಹೊರಮೈ ಎನ್ನೋಣ. ಅದು ಕೆಳಕ್ಕೆ ವಾಲುವ ಕೋನವನ್ನು ಇಳುಕಲು ಎನ್ನೋಣ. ಸಮನೆಲದಲ್ಲಿ ಇಳುಕಲು ೧೦ ಅಂಶವಿದ್ದರೆ, ಹೊರಮೈಯಿಂದ ಇಳುಕಲಿನ ದಿಕ್ಕಿನಲ್ಲಿ ೫೦೦ ಮೀಟರು ನಡೆದು ಅಲ್ಲಿ ಕೊರೆದಾಗ ಸ್ತರವು ಸುಮಾರು ೮೮ ಮೀಟರು ಆಳದಲ್ಲಿ ಸಿಕ್ಕಬೇಕು. ಸಿಕ್ಕಿದರೆ ಊಹೆ ನಿಜವಾಯಿತು. ೧೩೦ ಮೀಟರಿನಲ್ಲಿ ಸಿಕ್ಕಿದರೆ? ಆಗ ಇಳುಕಲು ಮುಂದೆ ಕಡಿದಾಗಿದೆ, ಇಲ್ಲವೆ ನಡುವೆ ಸ್ತರಭಂಗವಿದೆ. ಅಂದರೆ ಬಿರುಕೊಂದರ ಆಚೆಯ ಭಾಗವೆಲ್ಲ ಸುಮಾರು ೪೦ ಮೀಟರು ಕುಸಿದಿದೆ. ಇವೆರಡರಲ್ಲಿ ಯಾವುದು ನಿಜವೆಂದು ತಿಳಿಯಲು ನಡುವೆ ಮತ್ತೊಂದು ರಂಧ್ರ ಕೊರೆಯಬೇಕು. ಸಿಕ್ಕದೆಯೇ ಹೋದರೆ, ಸ್ತರವು ತೆಳುವಾಗಿ ಮುಗಿದುಹೋಯಿತೋ, ಕಾಂಪ್ಟಿಯು ಬರುವ ಮುನ್ನವೇ ಸವೆದುಹೋಯಿತೋ ವಿಚಾರಿಸಬೇಕು. ಹೀಗೆ ಒಂದೊಂದು ರಂಧ್ರವೂ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮತ್ತೊಂದು ಪ್ರಶ್ನೆಯನ್ನು ಎತ್ತುತ್ತದೆ. ಬಿರುಕುಗಳಿಂದಲೇ ಹುಟ್ಟಿದ ಗೋದಾವರಿ ಕಣಿವೆಯಲ್ಲಿ ಸ್ತರಭಂಗಗಳಿಗೆ ಕೊರತೆಯಿಲ್ಲ.

ಕೊರೆಯುವ ಬಗೆಯೂ ಮುಖ್ಯ. ಹಳೆಯ ಪದ್ಧತಿಯಲ್ಲಿ ಭಾರವಾದ ಉಳಿಯನ್ನು ಎತ್ತಿ ಎತ್ತಿ ಕುಟ್ಟುತ್ತಿದ್ದರು; ಮೇಲಕ್ಕೆ ಬರುತ್ತಿದ್ದುದು ಪುಡಿ ಮತ್ತು ಕೆಸರು. ಕಪ್ಪು ಕೆಸರು ಬಂದಾಗ ಅದು ಕಲ್ಲಿದ್ದಲಿನದೋ ಕಪ್ಪು ಪದರುಗಲ್ಲಿನದೋ ಎಂಬುದು ಸುಲಭವಾಗಿ ತಿಳಿಯದು. ಸ್ತರದ ದಪ್ಪವನ್ನು ಹೆಚ್ಚಾಗಿ ಹೇಳಿಬಿಡುವ ಅಪಾಯ ಯಾವಾಗಲೂ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಜ್ರದ ಹಲ್ಲುಳ್ಳ ಟೊಳ್ಳು ಬೈರಿಗೆ ಬಳಕೆಗೆ ಬಂದಿತು. ಅದು ಶಿಲೆಯನ್ನು ಉಂಗುರದಂತೆ ಕೊರೆದು ನಡುವಿನ ತಿರುಳನ್ನು ಕಂಬದ ರೂಪದಲ್ಲಿಯೇ ಮೇಲಕ್ಕೆ ತರುತ್ತದೆ. ಈ ತಿರುಳನ್ನು ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಿಟ್ಟರೆ, ನೂರಾರು ಮೀಟರು ಆಳದ ನೆಲವು ಪುಸ್ತಕದಂತೆ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ.

ಅನಂತರ ಗುಣದ ಪರೀಕ್ಷೆ. ತೇವ, ಬೂದಿ, ಆವಿಯಾಗುವ ಅಂಶ, ಸ್ಥಿರ ಇಂಗಾಲ ಈ ನಾಲ್ಕನ್ನೂ ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಗೊಂಡ್ವಾನ ಕಲ್ಲಿದ್ದಲಿನಲ್ಲಿ ಗಂಧಕ ಕಡಮೆ, ಅದು ಗುಣ. ಬೂದಿ ಹೆಚ್ಚು, ಅದು ದೋಷ. ಜೌಗಿನಲ್ಲಿ ಸಸ್ಯಗಳು ಶೇಖರವಾಗುವಾಗಲೇ ನದಿಗಳು ತಂದ ಜೇಡಿಯು ಅವುಗಳೊಡನೆ ಬೆರೆತುಹೋದುದೇ ಈ ಬೂದಿಗೆ ಮೂಲ. ಅದನ್ನು ತೊಳೆದು ತೆಗೆಯುವುದು ಸುಲಭವಲ್ಲ. ನಮ್ಮ ದೇಶದ ವಿದ್ಯುದಾಗಾರಗಳು ಉರಿಸುವ ಕಲ್ಲಿದ್ದಲಿನಲ್ಲಿ ಬೂದಿಯು ಶೇಕಡಾ ೩೦ನ್ನು ಮೀರುವುದು ಸಾಮಾನ್ಯ. ಇನ್ನೊಂದು ಭೇದವೂ ಇದೆ. ಕೆಲವು ಬಿಟುಮಿನಸ್ ಕಲ್ಲಿದ್ದಲು ಗಾಳಿಯಿಲ್ಲದೆ ಕಾಯಿಸಿದಾಗ ಕರಗಿ ಗಟ್ಟಿಯಾದ ಕೋಕ್ ಆಗುತ್ತದೆ. ಕಬ್ಬಿಣದ ಊದುಕುಲುಮೆಗೆ ಬೇಕಾದುದು ಅದು. ಝರಿಯಾದ ಕಲ್ಲಿದ್ದಲು ಆ ಬಗೆಯದು. ಸಿಂಗರೇಣಿಯದು ಕೋಕ್ ಆಗದ ಬಗೆಯದು. ಉಗಿಯಂತ್ರದ ಒಲೆಗೆ ಅದು ಯೋಗ್ಯ, ಕುಲುಮೆಗೆ ಅಲ್ಲ.

ಕೊನೆಯದು ಮೊತ್ತದ ಲೆಕ್ಕ. ಒಂದು ಚದರ ಕಿಲೋಮೀಟರು ವಿಸ್ತಾರದಲ್ಲಿ ೨ ಮೀಟರು ದಪ್ಪದ ಸ್ತರವಿದ್ದರೆ ಅದು ೨೦ ಲಕ್ಷ ಘನ ಮೀಟರು. ಘನ ಮೀಟರಿಗೆ ಒಂದೂವರೆ ಟನ್ನಿನಂತೆ ೩೦ ಲಕ್ಷ ಟನ್ನು. ಗುಣಾಕಾರ ಸುಲಭ, ಕಷ್ಟವಿರುವುದು ‘ಇದ್ದರೆ’ ಎಂಬಲ್ಲಿ. ಒಂದೇ ರಂಧ್ರವನ್ನು ಕೊರೆದು ಒಂದು ಚದರ ಕಿಲೋಮೀಟರಿಗೆ ಲೆಕ್ಕ ಹಾಕಬಹುದೇ? ಈ ಕಾರಣದಿಂದಲೇ ಈಗ ನಿಕ್ಷೇಪಗಳನ್ನು ಸಾಧಿತ, ಸೂಚಿತ, ಊಹಿತ ಎಂದು ಮೂರಾಗಿ ವಿಂಗಡಿಸುವ ನಿಯಮವಿದೆ. ರಂಧ್ರಗಳು ಒತ್ತೊತ್ತಾಗಿರುವ ಕಡೆ ಸಾಧಿತ, ವಿರಳವಾದಂತೆ ಸೂಚಿತ, ಭೂರಚನೆಯ ಜ್ಞಾನವನ್ನು ಮಾತ್ರ ನೆಚ್ಚಿಕೊಂಡ ಕಡೆ ಊಹಿತ. ಸಾಧಿತವಾದುದೆಲ್ಲವೂ ಮೇಲಕ್ಕೆ ಬರುತ್ತದೆಂದೂ ಅಲ್ಲ. ಹಳೆಯ ಗಣಿಗಳಲ್ಲಿ ಛಾವಣಿಯನ್ನು ಆತುಕೊಳ್ಳಲು ಕಲ್ಲಿದ್ದಲಿನ ಕಂಬಗಳನ್ನೇ ಬಿಟ್ಟು ಅಗೆಯುತ್ತಿದ್ದುದರಿಂದ ಬಹುಭಾಗವು ಒಳಗೇ ಉಳಿಯುತ್ತಿತ್ತು.

ಕಿಂಗ್ ಅವರು ೧೮೭೨ರಲ್ಲಿ ಬರೆದಾಗ ಈ ಮೂರು ಹೆಸರುಗಳು ಇರಲಿಲ್ಲ. ಆದರೆ ಹೆಸರುಗಳ ಹಿಂದಿನ ವಿವೇಕ ಇತ್ತು. ಸಮೀಕ್ಷೆಯ ವಿದ್ವಾಂಸರು ‘ಕಂಡೆನು’, ‘ಊಹಿಸುತ್ತೇನೆ’, ‘ಕೊರೆದು ನೋಡಬೇಕು’ ಎಂಬ ಮಾತುಗಳನ್ನು ಬೇರೆ ಬೇರೆಯಾಗಿಯೇ ಬಳಸುತ್ತಿದ್ದರು. ಆ ಭೇದವನ್ನು ಅಳಿಸಿದವರು ಬೇರೆಯವರು.

೫. ರಿಯಾಯಿತಿ ಮತ್ತು ಹಗರಣ

೧೮೮೩ರಲ್ಲಿ ಮೊದಲನೆಯ ಸಾಲಾರ್ ಜಂಗರು ತೀರಿಕೊಂಡ ಮೇಲೆ ಹೈದರಾಬಾದಿನ ಆಡಳಿತ ಸಡಿಲಗೊಂಡಿತ್ತು. ಅದೇ ವೇಳೆಗೆ ವಾಡಿಯಿಂದ ಹೈದರಾಬಾದಿಗೆ ಬಂದಿದ್ದ ರೈಲುದಾರಿಯನ್ನು ಪೂರ್ವಕ್ಕೆ ಮುಂದುವರಿಸುವ ಯೋಜನೆಯೂ ಲಂಡನ್ನಿನ ಬಂಡವಾಳಗಾರರ ನೆರವಿನಿಂದ ನಡೆಯುತ್ತಿತ್ತು. ೧೮೮೬ರಲ್ಲಿ ನಿಜಾಮರ ಸರ್ಕಾರವು ವಾಟ್ಸನ್ ಮತ್ತು ಸ್ಟೂವರ್ಟ್ ಎಂಬ ಇಬ್ಬರಿಗೆ ರಾಜ್ಯದ ಖನಿಜಗಳ ಮೇಲೆ ದೀರ್ಘಾವಧಿಯ ಹಕ್ಕನ್ನು ಕೊಟ್ಟಿತು. ಆ ಹಕ್ಕನ್ನು ಪಡೆದು ಹೈದರಾಬಾದ್ ಡೆಕ್ಕನ್ ಕಂಪೆನಿಯು ಇಂಗ್ಲೆಂಡಿನಲ್ಲಿ ಸ್ಥಾಪಿತವಾಯಿತು. ಕಾಗದದ ಮೇಲೆ ಅದರ ಬಂಡವಾಳ ಹತ್ತು ಲಕ್ಷ ಪೌಂಡು. ಆದರೆ ಷೇರುಗಳಲ್ಲಿ ಬಹುಭಾಗವು ನಗದು ಹಣ ಸಲ್ಲದೆಯೇ ಹಕ್ಕುದಾರರಿಗೆ ಸೇರಿತು. ಈ ವ್ಯವಹಾರದಲ್ಲಿ ನಿಜಾಮರ ಸರ್ಕಾರದ ಉನ್ನತ ಅಧಿಕಾರಿಯಾಗಿದ್ದ ಸರ್ದಾರ್ ದಿಲೇರ್ ಉಲ್ ಮುಲ್ಕ್ ಅಬ್ದುಲ್ ಹಕ್ ಅವರು ಸ್ವತಃ ಭಾಗಿಯಾಗಿದ್ದು, ಸರ್ಕಾರದ ಪರವಾಗಿ ಷೇರು ಕೊಳ್ಳುವವರೂ ತಾವೇ, ಮಾರಿ ಲಾಭ ಪಡೆಯುವವರೂ ತಾವೇ ಆದರು. ಪತ್ರಿಕೆಗಳು ಇದನ್ನು ಬಯಲಿಗೆಳೆದವು. ೧೮೮೮ರಲ್ಲಿ ಅಬ್ದುಲ್ ಹಕ್ ಅಧಿಕಾರದಿಂದ ಅಮಾನತುಗೊಂಡರು. ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯು ವಿಚಾರಣಾ ಸಮಿತಿಯೊಂದನ್ನು ನೇಮಿಸಿತು.

ಈ ಹಗರಣವನ್ನು ಇತಿಹಾಸಕಾರರು ಸಾಮಾನ್ಯವಾಗಿ ಭ್ರಷ್ಟಾಚಾರದ ಒಂದು ಪ್ರಕರಣವೆಂದು ಬರೆಯುತ್ತಾರೆ. ಅದು ಸರಿ. ಆದರೆ ಭ್ರಷ್ಟಾಚಾರಕ್ಕೆ ಎಡೆ ದೊರೆತುದು ಹೇಗೆ ಎಂಬುದನ್ನು ಮೇಲಿನ ವಿವರಣೆಯ ಬೆಳಕಿನಲ್ಲಿ ನೋಡಬೇಕು. ಷೇರುಗಳನ್ನು ಮಾರಿದಾಗ ಗಣಿಯಿಂದ ವಾಣಿಜ್ಯಕ್ಕಾಗಿ ಕಲ್ಲಿದ್ದಲು ಹೊರಬಂದಿರಲಿಲ್ಲ. ಮಾರಾಟವಾದುದು ಒಂದು ಊಹೆ. ಭೂವಿಜ್ಞಾನಿಯ ‘ಇರಬಹುದು’ ಎಂಬ ಮಾತು ಪ್ರವರ್ತಕನ ಬಾಯಿಯಲ್ಲಿ ‘ಇದೆ’ ಎಂದಾಯಿತು. ಷೇರುಪೇಟೆಯಲ್ಲಿ ‘ಇಷ್ಟು ಬೆಲೆ ಬಾಳುತ್ತದೆ’ ಎಂದಾಯಿತು. ಬೆಲೆ ತೆತ್ತುದು ರಾಜ್ಯದ ಬೊಕ್ಕಸ. ಅಂದರೆ ಕೊನೆಗೆ ರೈತ. ಆ ರೈತರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರೂ ಸೇರಿದ್ದರು. ಹಕ್ಕು ಇಡೀ ರಾಜ್ಯಕ್ಕೆ ಸಂಬಂಧಿಸಿದುದರಿಂದ ರಾಯಚೂರು ಸೀಮೆಯ ಚಿನ್ನದ ಗಣಿಗಾರಿಕೆಯೂ ಇದೇ ಕಂಪೆನಿಯ ನೆರಳಿನಲ್ಲಿಯೇ ಬೆಳೆಯಿತು.

ವಿಚಿತ್ರವೆಂದರೆ, ಸಿಂಗರೇಣಿಯ ಕಲ್ಲಿದ್ದಲು ಸುಳ್ಳಾಗಲಿಲ್ಲ. ಅದೇ ವರ್ಷಗಳಲ್ಲಿ ರೈಲು ವರಂಗಲ್ಲನ್ನು ದಾಟಿ, ಡೋರ್ನಕಲ್ಲಿನಿಂದ ಯೆಲ್ಲಂದುವಿಗೆ ಕವಲೊಡೆಯಿತು. ೧೮೮೯ರಲ್ಲಿ ದಾರಿಯು ಬೆಜವಾಡವನ್ನು ಮುಟ್ಟಿತು. ಅದೇ ವರ್ಷ ಗಣಿಗಾರಿಕೆ ಮೊದಲಾಯಿತು. ಊಹೆ ನಿಜವಾಯಿತೆಂದ ಮಾತ್ರಕ್ಕೆ ಊಹೆಯನ್ನು ನಿಶ್ಚಯವೆಂದು ಮಾರಿದುದು ಸರಿಯಾಗದು. ಕೋಟಾದಂತೆ ಇದೂ ಬರಿದಾಗಬಹುದಿತ್ತು.

೬. ಮುಂದಿನ ಕಥೆ ಮತ್ತು ಕರ್ನಾಟಕ

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೨೦ರ ಡಿಸೆಂಬರಿನಲ್ಲಿ ಸಿಂಗರೇಣಿ ಕಾಲಿಯರೀಸ್ ಕಂಪೆನಿಯು ಹೈದರಾಬಾದಿನ ಕಾಯಿದೆಯಂತೆ ಸ್ಥಾಪಿತವಾಗಿ ಹಳೆಯ ಕಂಪೆನಿಯ ಆಸ್ತಿಯನ್ನು ವಹಿಸಿಕೊಂಡಿತು. ಯೆಲ್ಲಂದುವಿನ ಚಿಕ್ಕ ತುಂಡಿನಿಂದ ಗಣಿಗಾರಿಕೆಯು ಬೆಲ್ಲಂಪಲ್ಲಿ, ಕೊತ್ತಗೂಡೆಂಗಳಿಗೂ, ಅನಂತರ ರಾಮಗುಂಡಂ, ಮಣುಗೂರು, ಭೂಪಾಲಪಲ್ಲಿಗಳಿಗೂ ಹರಡಿತು. ಅಂದರೆ ಕಿಂಗ್ ಅವರ ೧೮೮೧ರ ನಕ್ಷೆಯ ದೊಡ್ಡ ಕಣಿವೆಯನ್ನೇ ಅನುಸರಿಸಿತು. ೧೯೪೫ರಲ್ಲಿ ಹೈದರಾಬಾದ್ ಸರ್ಕಾರವು ಕಂಪೆನಿಯ ಷೇರುಗಳಲ್ಲಿ ಬಹುಪಾಲನ್ನು ಕೊಂಡುಕೊಂಡಿತು. ಕಾಗದದ ಷೇರುಗಳನ್ನು ಕೊಂಡು ಮೋಸಹೋದ ರಾಜ್ಯವು ಆರು ದಶಕಗಳಾಗುವ ಹೊತ್ತಿಗೆ ಗಣಿಯ ಒಡೆತನವನ್ನೇ ಪಡೆಯಿತು. ೧೯೫೬ರಲ್ಲಿ ಆ ಒಡೆತನ ಆಂಧ್ರಪ್ರದೇಶಕ್ಕೂ, ೨೦೧೪ರಲ್ಲಿ ತೆಲಂಗಾಣಕ್ಕೂ ಬಂದಿತು. ಇಂದು ತೆಲಂಗಾಣ ಸರ್ಕಾರ ಶೇಕಡಾ ೫೧, ಕೇಂದ್ರ ಸರ್ಕಾರ ಶೇಕಡಾ ೪೯ ಭಾಗಗಳನ್ನು ಹೊಂದಿವೆ. ಕೊತ್ತಗೂಡೆಂ ಪ್ರಾಂತದ ಸ್ತರವೊಂದಕ್ಕೆ ‘ಕಿಂಗ್’ ಎಂಬ ಹೆಸರು ಈಗಲೂ ಬಳಕೆಯಲ್ಲಿದೆ.

ಕಲ್ಲಿದ್ದಲು ಇಲ್ಲದ ಮೈಸೂರು ಸಂಸ್ಥಾನವು ಬೇರೆ ದಾರಿ ಹಿಡಿಯಬೇಕಾಯಿತು. ೧೯೦೨ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ೧೯೨೩ರಲ್ಲಿ ಭದ್ರಾವತಿಯ ಕುಲುಮೆಯನ್ನು ಮಲೆನಾಡಿನ ಮರದ ಇದ್ದಲಿನಿಂದ ಹೊತ್ತಿಸಿದರು. ಸಿಂಗರೇಣಿ ಸಮೀಪದಲ್ಲಿದ್ದರೂ ಭದ್ರಾವತಿಯ ಕುಲುಮೆಗೆ ಅದು ಒದಗಲಾರದಾಗಿತ್ತೆಂಬುದನ್ನು ಕೋಕ್ ವಿಚಾರ ಬಲ್ಲವರು ಅರಿಯಬಲ್ಲರು. ಸಂಬಂಧ ಗಾಢವಾದುದು ಈಚೆಗೆ. ೧೯೮೫ರಲ್ಲಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಅದಕ್ಕೆ ಇಂಧನ ಒದಗಿಸಿದ ಗಣಿಗಳಲ್ಲಿ ಸಿಂಗರೇಣಿಯದು ಮುಖ್ಯ ಸ್ಥಾನ. ನಮ್ಮ ತರಗತಿಯ ದೀಪವು ಉರಿಯುವಾಗ ಅದರಲ್ಲಿ ಗ್ಲಾಸಾಪ್ಟೆರಿಸ್ ಕಾಡಿನ ಪಾಲೂ ಇರಬಹುದು.

ಉಪಸಂಹಾರ

ವಿದ್ಯಾರ್ಥಿಯ ಪ್ರಶ್ನೆಗೆ ಈಗ ಹೀಗೆ ಉತ್ತರ ಹೇಳಬಹುದು: ಹದಿನೆಂಟು ವರ್ಷ ಅವರು ಸುಮ್ಮನಿರಲಿಲ್ಲ. ಕಂಡುದನ್ನು ನಕ್ಷೆಯಲ್ಲಿ ಗುರುತಿಸುವ, ಕಾಣದುದನ್ನು ಊಹಿಸುವ, ಊಹಿಸಿದುದನ್ನು ಪರೀಕ್ಷಿಸುವ ಕೆಲಸವೂ, ಅದರ ಬೆನ್ನಿಗೆ ಆ ಊಹೆಯನ್ನೇ ಮಾರುವ ಕೆಲಸವೂ ನಡೆಯುತ್ತಿದ್ದವು. ಖನಿಜಗಳ ಇತಿಹಾಸವನ್ನು ಅಭ್ಯಸಿಸುವವರು ದರ್ಬಾರಿನ ಪತ್ರಗಳನ್ನೂ ಕಂಪೆನಿಯ ಲೆಕ್ಕಗಳನ್ನೂ ಓದಿದರೆ ಸಾಲದು. ಅದೇ ಕಾಲದ ಭೂವಿಜ್ಞಾನಿಯ ವರದಿಯನ್ನೂ ಪಕ್ಕದಲ್ಲಿಟ್ಟುಕೊಂಡು, ಆ ದಿನ ನಿಜವಾಗಿ ತಿಳಿದಿದ್ದುದು ಎಷ್ಟು ಎಂದು ಕೇಳಬೇಕು. ತಿಳಿದಿದ್ದುದಕ್ಕೂ ಹೇಳಿದುದಕ್ಕೂ ನಡುವಿನ ವ್ಯತ್ಯಾಸದಲ್ಲಿಯೇ ಇತಿಹಾಸಕಾರನ ಕೆಲಸವಿದೆ. ನಾನು ತರಗತಿಯಲ್ಲಿ ಹೇಳುತ್ತಿದ್ದ ವಾಕ್ಯವನ್ನು ಈಗ ತಿದ್ದಿಕೊಂಡಿದ್ದೇನೆ: “೧೮೭೧ರಲ್ಲಿ ಸಿಂಗರೇಣಿಯ ಬಳಿ ಕಲ್ಲಿದ್ದಲು ಕಂಡಿತು, ೧೮೮೬ರಲ್ಲಿ ಅದು ಮಾರಾಟವಾಯಿತು, ೧೮೮೯ರಲ್ಲಿ ಅದು ದೊರೆಯಿತು.”